ಹಿತ್ತಿಲಿನಲ್ಲಿ ಬಿಟ್ಟ ಕೋಳಿ, ಮನೆಯ ನಾಯಿ ಮತ್ತು ಬೆಕ್ಕು: ತೊಂದರೆ ಎಲ್ಲಿದೆ ಎಂದು ಪತ್ತೆಹಚ್ಚುವ ಕೈಪಿಡಿ

ಆರು ತಿಂಗಳಿಂದ ಕೋಳಿಗಳ ಪಕ್ಕದಲ್ಲೇ ಮಲಗೇಳುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಒಂದು ಹೇಂಟೆಯನ್ನು ಕಚ್ಚಿಹಾಕಿತು ಎಂಬ ದೂರನ್ನು ಕೋಳಿ ಸಾಕುವವರಿಂದ ಮೇಲಿಂದ ಮೇಲೆ ಕೇಳುತ್ತೇವೆ. ಈ ದೂರಿನಲ್ಲಿ ‘ಇದ್ದಕ್ಕಿದ್ದಂತೆ’ ಎಂಬ ಪದವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ನಂಬಬಹುದು. ಆ ಆರು ತಿಂಗಳಲ್ಲಿ ನಾಯಿ ಹಲವು ಬಾರಿ ಬಾಯಿ ಮುಚ್ಚಿ ಕೋಳಿಯನ್ನೇ ದಿಟ್ಟಿಸಿರುತ್ತದೆ, ಗೇಟಿನ ಬಳಿ ಎರಡು ಹೆಜ್ಜೆ ಓಡಿ ನಿಂತಿರುತ್ತದೆ, ಕೋಳಿ ರೆಕ್ಕೆ ಬಡಿದಾಗಲೆಲ್ಲ ಕಿವಿ ನಿಮಿರಿಸಿರುತ್ತದೆ. ಅವು ಯಾವುವನ್ನೂ ಮನೆಯವರು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಆದ್ದರಿಂದ ನಾಯಿ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಯನ್ನು ಇಲ್ಲಿ ಕೈಬಿಟ್ಟಿದ್ದೇನೆ. ತೊಂದರೆಯು ದಿನದ ಯಾವ ಹೊತ್ತಿನಲ್ಲಿ, ಯಾವ ಜಾಗದಲ್ಲಿ, ಯಾವ ಚಲನೆಯ ಬೆನ್ನಿಗೆ ಹುಟ್ಟುತ್ತದೆ ಎಂಬುದನ್ನು ಹುಡುಕುವುದೇ ಈ ಕೈಪಿಡಿಯ ಕೆಲಸ. ಆ ಮೂರು ಸಂಗತಿ ಗೊತ್ತಾದರೆ ಪರಿಹಾರ ಸಾಮಾನ್ಯವಾಗಿ ಒಂದು ಚಿಲಕ, ಒಂದು ಹಗ್ಗ ಅಥವಾ ಅರ್ಧ ಗಂಟೆಯ ಸಮಯಬದಲಾವಣೆಯಷ್ಟು ಸರಳವಾಗಿರುತ್ತದೆ. ಗೊತ್ತಾಗದಿದ್ದರೆ ಎಷ್ಟು ಕಲಿಸಿದರೂ ಅದೇ ಅನಾಹುತ ಮತ್ತೊಮ್ಮೆ ಆಗುತ್ತದೆ.

ಹುಡುಕುವುದಕ್ಕೆ ಮೊದಲು: ಕೋಳಿಯನ್ನು ಪರೀಕ್ಷಿಸುವುದು

ದಾಳಿ ಈಗಷ್ಟೇ ನಡೆದಿದ್ದರೆ ಕಾರಣವನ್ನು ಆಮೇಲೆ ಹುಡುಕಬಹುದು. ನಾಯಿ ಅಥವಾ ಬೆಕ್ಕನ್ನು ಬಾಗಿಲ ಹಿಂದೆ ಹಾಕಿ, ಕೋಳಿಯನ್ನು ಎರಡು ಕೈಯಲ್ಲಿ ರೆಕ್ಕೆಗಳ ಮೇಲಿನಿಂದ ಹಿಡಿದು ಎತ್ತಬೇಕು. ಎದೆಯನ್ನು ಒತ್ತಿ ಹಿಡಿಯಬಾರದು. ಹಕ್ಕಿಗಳಿಗೆ ನಮ್ಮ ಹಾಗೆ ವಪೆ, ಅಂದರೆ ಎದೆ ಹೊಟ್ಟೆಗಳ ನಡುವೆ ಉಸಿರೆಳೆಯುವ ಸ್ನಾಯು, ಇಲ್ಲ. ಎದೆಮೂಳೆ ಮುಂದಕ್ಕೂ ಹಿಂದಕ್ಕೂ ಆಡಿದರೆ ಮಾತ್ರ ಉಸಿರು ಒಳಗೆ ಹೋಗುತ್ತದೆ. ಗಾಬರಿಯಿಂದ ಅಪ್ಪಿ ಹಿಡಿದವರ ಕೈಯಲ್ಲೇ ಕೋಳಿ ಉಸಿರುಗಟ್ಟುವುದು ಹೀಗೆ.

ಮೇಲ್ನೋಟಕ್ಕೆ ರಕ್ತ ಕಾಣದಿದ್ದರೆ ಗಾಯವಿಲ್ಲ ಎಂದು ಭಾವಿಸುವುದು ಅತಿ ಸಾಮಾನ್ಯವಾದ ತಪ್ಪು. ಪುಕ್ಕ ದಟ್ಟವಾಗಿರುವುದರಿಂದ ಕೋರೆಹಲ್ಲಿನ ತೂತು ಅದರಡಿಯಲ್ಲಿ ಮುಚ್ಚಿಹೋಗುತ್ತದೆ. ಕೋಳಿಯನ್ನು ಮಡಿಲಲ್ಲಿ ಇಟ್ಟುಕೊಂಡು ಬಾಲದ ಬುಡದಿಂದ ಕುತ್ತಿಗೆಯ ಕಡೆಗೆ, ಅಂದರೆ ಪುಕ್ಕ ಬೆಳೆದ ದಿಕ್ಕಿಗೆ ಎದುರಾಗಿ, ಮೆಲ್ಲಗೆ ಊದುತ್ತ ಹೋಗಬೇಕು. ಪುಕ್ಕ ಬೈತಲೆ ತೆಗೆದಂತೆ ಎರಡು ಕಡೆಗೆ ಸೀಳಿ ತೆಳು ಗುಲಾಬಿ ಚರ್ಮ ಕಾಣುತ್ತದೆ. ನಾನು ಮೊದಲ ಸಲ ಹೀಗೆ ನೋಡಿದಾಗ ಏನೂ ಆಗಿಲ್ಲವೆಂದು ಬಿಡಬೇಕೆಂದಿದ್ದ ಹೇಂಟೆಯ ಬೆನ್ನಿನಲ್ಲಿ ಸಾಸಿವೆ ಕಾಳಿನಷ್ಟು ಎರಡು ತೂತುಗಳಿದ್ದವು, ಸುತ್ತಲೂ ನೇರಳೆ ಬಣ್ಣದ ಉಂಗುರ. ಒಂದು ಹನಿ ರಕ್ತವೂ ಹೊರಗೆ ಬಂದಿರಲಿಲ್ಲ. ಚರ್ಮವನ್ನು ಮುಟ್ಟಿದಾಗ ಅದರಡಿಯಲ್ಲಿ ಗಾಳಿ ಸೇರಿದಂತೆ ಪರಪರ ಎನ್ನಿಸಿದರೆ, ಹಲ್ಲು ಒಳಗಿನ ಗಾಳಿಚೀಲವನ್ನು ತಲಪಿರುವ ಸಾಧ್ಯತೆ ಇದೆ. ಅಂಥ ಕೋಳಿಯನ್ನು ಮನೆಯಲ್ಲೇ ಇಟ್ಟುಕೊಂಡು ಕಾಯಬಾರದು.

ಬೆಕ್ಕಿನ ಹಲ್ಲು ತಾಕಿದ್ದರೆ, ಗಾಯ ಎಷ್ಟೇ ಸಣ್ಣದಿರಲಿ, ಅದೇ ದಿನ ಪಶುವೈದ್ಯರ ಬಳಿ ಹೋಗಬೇಕು. ಬೆಕ್ಕಿನ ಬಾಯಲ್ಲಿ ಸಹಜವಾಗಿ ಇರುವ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯ ಹಕ್ಕಿಯ ರಕ್ತಕ್ಕೆ ಸೇರಿದರೆ ಒಂದೆರಡು ದಿನದಲ್ಲೇ ಸಾವು ಬರಬಹುದು. ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂಬುದನ್ನೂ ಅವರಿಂದಲೇ ಕೇಳಿ ತಿಳಿಯಬೇಕು. ಅಲ್ಲಿಯವರೆಗೆ ಕೋಳಿಯನ್ನು ಕತ್ತಲೆಯ, ಬೆಚ್ಚನೆಯ, ಸದ್ದಿಲ್ಲದ ಪೆಟ್ಟಿಗೆಯಲ್ಲಿ ಇಡಬೇಕು. ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್ ಆದ್ದರಿಂದ ನಮ್ಮ ಕೈಗೆ ಅದು ಯಾವಾಗಲೂ ಬೆಚ್ಚಗೆ ಇರಬೇಕು. ಕಾಲು ಮತ್ತು ಜುಟ್ಟು ತಣ್ಣಗಾಗಿದ್ದರೆ ಅದು ಆಘಾತಕ್ಕೆ ಒಳಗಾಗಿದೆ ಎಂದು ತಿಳಿಯಬೇಕು. ಇತರ ಕೋಳಿಗಳ ಜೊತೆ ಅದನ್ನು ಬಿಡಲೇಬಾರದು. ರಕ್ತದ ಕೆಂಪು ಕಂಡ ಕೂಡಲೇ ಅವೇ ಕುಕ್ಕಿ ಗಾಯವನ್ನು ದೊಡ್ಡದು ಮಾಡುತ್ತವೆ.

ಅಪರಾಧಿ ಯಾರು ಎಂಬುದನ್ನು ಖಚಿತಪಡಿಸಿಕೊಳ್ಳುವುದು

ಮನೆಯ ನಾಯಿ ಹತ್ತಿರದಲ್ಲಿ ಇತ್ತು ಎಂಬುದಷ್ಟೇ ಸಾಕ್ಷಿಯಾಗಲಾರದು. ಹಲವು ಕೋಳಿಗಳು ಸತ್ತು ಅಲ್ಲಲ್ಲಿ ಬಿದ್ದಿದ್ದು, ಯಾವುದನ್ನೂ ತಿನ್ನದೆ ಬಿಟ್ಟಿದ್ದು, ಪುಕ್ಕ ಹಿತ್ತಿಲ ತುಂಬ ಹರಡಿದ್ದರೆ ಅದು ಬಹುಮಟ್ಟಿಗೆ ನಾಯಿಯ ಕೆಲಸ. ಆಗಲೂ ಅದು ನಿಮ್ಮ ನಾಯಿಯೇ ಆಗಿರಬೇಕಾಗಿಲ್ಲ, ಬೇಲಿ ನುಸುಳಿ ಬಂದ ನಾಯಿಯೂ ಆಗಿರಬಹುದು. ಹಗಲಿನಲ್ಲಿ ಒಂದೇ ಕೋಳಿ ಸತ್ತು, ಕಿತ್ತ ಪುಕ್ಕ ಒಂದೇ ಕಡೆ ವೃತ್ತಾಕಾರವಾಗಿ ಬಿದ್ದಿದ್ದರೆ ಬೇಟೆಹಕ್ಕಿಯನ್ನು ಶಂಕಿಸಬೇಕು. ರಾತ್ರಿಯ ವೇಳೆ ಮರಿಗಳು ಒಂದೊಂದಾಗಿ ಮಾಯವಾಗುತ್ತಿದ್ದರೆ ಬೆಕ್ಕಿಗಿಂತ ಮೊದಲು ಇಲಿ ಹೆಗ್ಗಣಗಳ ಬಿಲ ಹುಡುಕಬೇಕು. ಮೊಟ್ಟೆಯೂ ಮರಿಯೂ ಚಿಪ್ಪು ಪುಕ್ಕಗಳ ಗುರುತಿಲ್ಲದೆ ಇಡಿಯಾಗಿ ಕಾಣೆಯಾದರೆ ಹಾವು ಬಂದಿರಬಹುದು. ಬಾಲದ ಪುಕ್ಕವೆಲ್ಲ ಹೋಗಿ ಮೈಮೇಲೆ ಗಾಯವೇ ಇಲ್ಲದಿದ್ದರೆ ಕೋಳಿ ತಪ್ಪಿಸಿಕೊಂಡಿದೆ ಎಂದರ್ಥ. ಹಿಂದಿನಿಂದ ಹಿಡಿದಾಗ ಭಯದಿಂದ ಪುಕ್ಕವನ್ನು ಸಡಿಲಬಿಟ್ಟು ಜಾರಿಕೊಳ್ಳುವ ಶಕ್ತಿ ಹಕ್ಕಿಗಳಿಗಿದೆ, ಮತ್ತು ಆ ಪುಕ್ಕ ಕೆಲವು ವಾರಗಳಲ್ಲಿ ಮತ್ತೆ ಬರುತ್ತದೆ.

ನಾಯಿ: ಸರಪಳಿಯ ಯಾವ ಕೊಂಡಿಯಲ್ಲಿ ತೊಂದರೆ ಇದೆ

ನಾಯಿಯ ಬೇಟೆ ಒಂದೇ ಕ್ರಿಯೆಯಲ್ಲ, ಒಂದರ ಹಿಂದೆ ಒಂದು ಬರುವ ಹಲವು ಕ್ರಿಯೆಗಳ ಸರಪಳಿ. ಗಮನ ಹರಿಸುವುದು, ದಿಟ್ಟಿಸುವುದು, ಮೈ ತಗ್ಗಿಸಿ ಹೊಂಚುವುದು, ಅಟ್ಟುವುದು, ಬಾಯಲ್ಲಿ ಹಿಡಿಯುವುದು, ಕೊಲ್ಲುವುದು, ಸೀಳಿ ತಿನ್ನುವುದು ಎಂಬ ಕ್ರಮದಲ್ಲಿ ಅದು ನಡೆಯುತ್ತದೆ. ಮನುಷ್ಯ ತಲೆಮಾರುಗಳಿಂದ ಆಯ್ದು ಬೆಳೆಸಿದ ತಳಿಗಳಲ್ಲಿ ಈ ಸರಪಳಿಯ ಕೆಲವು ಕೊಂಡಿಗಳು ಬಲವಾಗಿವೆ, ಕೆಲವು ಸಡಿಲವಾಗಿವೆ. ಬಾರ್ಡರ್ ಕಾಲಿಯಂಥ ಕುರಿ ಕಾಯುವ ನಾಯಿ ದಿಟ್ಟಿಸಿ, ಹೊಂಚಿ, ಅಟ್ಟಿ, ಅಲ್ಲಿಗೆ ನಿಲ್ಲಿಸುವುದು ಹೆಚ್ಚು. ಆದರೂ ದಿನವಿಡೀ ಅಟ್ಟಿಸಿಕೊಂಡ ಕೋಳಿ ಬಿಸಿಲಿನಲ್ಲಿ ಬಳಲಿಯೇ ಸಾಯಬಹುದು. ಲ್ಯಾಬ್ರಡಾರ್ ಬಾಯಲ್ಲಿ ಹಿಡಿದು ಹೊತ್ತುಕೊಂಡು ಬಂದು ಯಜಮಾನನ ಕಾಲಬಳಿ ಇಡಬಹುದು, ಕೋಳಿ ಒದ್ದೆಯಾಗಿದ್ದರೂ ಜೀವಂತವಾಗಿರಬಹುದು. ಗ್ರೇಹೌಂಡ್ ಏನಾದರೂ ಓಡುವುದನ್ನು ಕಂಡ ಮಾತ್ರಕ್ಕೆ ಅದರ ಮೇಲೆ ಹಾರುತ್ತದೆ. ಟೆರಿಯರ್ ತಳಿಗಳನ್ನು ಇಲಿ ಮುಂತಾದವನ್ನು ಕೊಲ್ಲುವುದಕ್ಕೆಂದೇ ಬೆಳೆಸಿದ್ದರಿಂದ ಹಿಡಿದು ಒದರುವ ಕೊಂಡಿ ಅವುಗಳಲ್ಲಿ ಗಟ್ಟಿ. ಮಂದೆ ಕಾಯುವ ದೊಡ್ಡ ತಳಿಗಳಲ್ಲಿ ಬೇಟೆಯ ಸರಪಳಿಯೇ ಮಂಕು, ಆದರೆ ಅವೂ ಸುಮಾರು ಎರಡು ವರ್ಷ ತುಂಬುವವರೆಗೆ ಆಟವಾಡುತ್ತ ಕೋಳಿಯನ್ನು ಜಜ್ಜಿಹಾಕುವುದುಂಟು. ಮಿಶ್ರತಳಿಯ ನಾಯಿಯಲ್ಲಿ ಏನಿದೆ ಎಂಬುದನ್ನು ಹೆಸರಿನಿಂದ ಊಹಿಸಲಾಗದು; ನೋಡಿಯೇ ತಿಳಿಯಬೇಕು.

ನೋಡುವ ಬಗೆ ಹೀಗೆ. ಕೋಳಿಗಳನ್ನು ಗಟ್ಟಿ ಜಾಲರಿಯ ಆವರಣದೊಳಗೆ ಬಿಟ್ಟು, ನಾಯಿಯನ್ನು ಹಗ್ಗ ಹಾಕಿ ಹತ್ತು ಮೀಟರ್ ದೂರದಲ್ಲಿ ನಿಲ್ಲಿಸಿ, ಅದಕ್ಕೆ ಬಹಳ ಇಷ್ಟವಾದ ತಿನಿಸಿನ ತುಣುಕೊಂದನ್ನು ಮೂಗಿನ ಮುಂದೆ ಹಿಡಿಯಬೇಕು. ತಿನಿಸನ್ನು ತಿಂದು, ನಿಮ್ಮ ಮುಖ ನೋಡಿ, ಆಮೇಲೆ ಕೋಳಿಯತ್ತ ತಿರುಗಿದರೆ ಅದು ಇನ್ನೂ ಕಲಿಯುವ ಸ್ಥಿತಿಯಲ್ಲಿದೆ. ತಿನಿಸು ಮೂಗಿಗೆ ತಗಲಿದರೂ ಅದರ ಅರಿವೇ ಇಲ್ಲದಂತೆ ನಿಂತಿದ್ದರೆ ದೂರ ಸಾಲದು. ಹದಿನೈದು ಇಪ್ಪತ್ತು ಮೀಟರ್‌ಗೆ ಹಿಂದೆ ಸರಿದು ಮತ್ತೆ ನೋಡಬೇಕು. ನನ್ನ ಅನುಭವದಲ್ಲಿ ಬೇರೆ ಯಾವ ಲಕ್ಷಣಕ್ಕಿಂತಲೂ ಈ ಒಂದು ಪರೀಕ್ಷೆ ನಾಯಿಯ ಮನಸ್ಸನ್ನು ಸರಿಯಾಗಿ ಹೇಳುತ್ತದೆ. ಬೊಗಳುತ್ತ, ಬಾಲ ಅಗಲವಾಗಿ ಆಡಿಸುತ್ತ, ಮುಂಗಾಲು ಚಾಚಿ ಹಿಂಭಾಗ ಎತ್ತಿ ಕುಣಿಯುವ ನಾಯಿಯನ್ನು ಕಂಡು ಜನ ಹೆದರುತ್ತಾರೆ, ಸದ್ದಿಲ್ಲದೆ ನಿಂತ ನಾಯಿಯನ್ನು ‘ಸಾಧು’ ಎನ್ನುತ್ತಾರೆ. ನಿಜಸ್ಥಿತಿ ಬಹಳ ಸಲ ತಿರುಗುಮುರುಗು. ಬಾಯಿ ಮುಚ್ಚಿ, ಮೈ ಬಿಗಿದು, ಒಂದು ಮುಂಗಾಲನ್ನು ಅರ್ಧ ಎತ್ತಿ, ರೆಪ್ಪೆ ಬಡಿಯದೆ ನಿಂತ ನಾಯಿಯೇ ಸರಪಳಿಯಲ್ಲಿ ಮುಂದೆ ಹೋಗಿರುವುದು.

ಎರಡನೆಯ ಪರೀಕ್ಷೆ ರೆಕ್ಕೆಯದು. ಮೇಯುತ್ತ ಹೆಜ್ಜೆ ಹಾಕುವ ಕೋಳಿಯ ಮುಂದೆ ಸುಮ್ಮನಿರುವ ನಾಯಿ, ಅದೇ ಕೋಳಿ ಮಣ್ಣಿನಲ್ಲಿ ಹೊರಳಿ ಎದ್ದು ಮೈ ಕೊಡವಿ ರೆಕ್ಕೆ ಬಡಿದಾಗ ಬೇರೆಯೇ ಪ್ರಾಣಿಯಾಗಬಹುದು. ನನ್ನ ನಾಯಿ ಬೇಲಿಯ ಪಕ್ಕದಲ್ಲಿ ನಾಲಿಗೆ ಚಾಚಿ ತೇಕುತ್ತ ಮಲಗಿರುತ್ತಿತ್ತು. ಹೊರಳುಗುಂಡಿಯಿಂದ ಎದ್ದ ಹೇಂಟೆ ಧೂಳೆಬ್ಬಿಸಿ ಒಮ್ಮೆ ರೆಕ್ಕೆ ಬಡಿದೊಡನೆ ಆ ತೇಕು ಟಕ್ಕೆಂದು ನಿಲ್ಲುತ್ತಿತ್ತು, ತುಟಿ ಮುಚ್ಚುತ್ತಿತ್ತು, ಎರಡು ಕ್ಷಣದ ಮೇಲೆ ಮತ್ತೆ ತೇಕು. ಆ ಎರಡು ಕ್ಷಣವೇ ದೋಷ. ಹತ್ತು ದಿನ ಕಾದು ಹತ್ತು ಬಗೆಯ ಚಲನೆಯನ್ನು ಗಮನಿಸದೆ, ಅಂದರೆ ಕೋಳಿ ಓಡುವುದು, ಹಾರುವುದು, ಜಗಳವಾಡುವುದು, ಕಿರುಚುವುದು ಇವೆಲ್ಲವನ್ನೂ ನಾಯಿಯ ಮುಂದೆ ನೋಡದೆ, ‘ಅಭ್ಯಾಸವಾಗಿದೆ’ ಎಂದು ತೀರ್ಮಾನಿಸಬಾರದು.

ನೀವು ಇಲ್ಲದಾಗ ಮಾತ್ರ ಆಗುವ ತೊಂದರೆ

ಮನೆಯವರು ಎದುರಿಗಿದ್ದರೆ ನಾಯಿ ಕೋಳಿಯನ್ನು ನೋಡುವುದೂ ಇಲ್ಲ, ಒಳಗೆ ಹೋದ ಐದು ನಿಮಿಷದಲ್ಲಿ ಅಟ್ಟಿಸುತ್ತದೆ ಎಂಬ ಲಕ್ಷಣಕ್ಕೆ ಬಹುಪಾಲು ಒಂದೇ ಕಾರಣ. ಬೈದು, ಹೊಡೆದು, ಅಥವಾ ವಿದ್ಯುತ್ ಹೊಡೆತ ಕೊಡುವ ಕೊರಳಪಟ್ಟಿ ಕಟ್ಟಿ ಕಲಿಸಿದ ನಾಯಿ, ‘ಕೋಳಿಯ ತಂಟೆ ಬೇಡ’ ಎಂಬುದನ್ನು ಕಲಿತಿರುವುದಿಲ್ಲ, ‘ಯಜಮಾನ ಇದ್ದಾಗ ಕೋಳಿಯ ತಂಟೆ ಬೇಡ’ ಎಂಬುದನ್ನಷ್ಟೇ ಕಲಿತಿರುತ್ತದೆ. ಸತ್ತ ಕೋಳಿಯನ್ನು ನಾಯಿಯ ಕೊರಳಿಗೆ ಕಟ್ಟುವ ಹಳೆಯ ಚಿಕಿತ್ಸೆಯನ್ನು ಇಂದಿಗೂ ಹೇಳುವವರಿದ್ದಾರೆ. ಅದರಿಂದ ಕೊಳೆತ ಮಾಂಸದ ವಾಸನೆ ಬರುತ್ತದೆಯೇ ಹೊರತು ಬೇರೆ ಪ್ರಯೋಜನವಿಲ್ಲ.

ಇದಕ್ಕೆ ಪರಿಹಾರ ನಿಧಾನದ್ದು. ತಿನಿಸಿನ ಪರೀಕ್ಷೆಯಲ್ಲಿ ನಾಯಿ ಗೆದ್ದ ದೂರದಿಂದ ಪ್ರಾರಂಭಿಸಿ, ಅದು ಕೋಳಿಯನ್ನು ನೋಡಿ ತಾನಾಗಿ ತಲೆ ತಿರುಗಿಸಿದ ಪ್ರತಿ ಸಲವೂ ಆ ಕ್ಷಣದಲ್ಲೇ ತಿನಿಸು ಕೊಡಬೇಕು. ದಿನಕ್ಕೆ ಎರಡು ಬಾರಿ, ಒಂದು ಸಲಕ್ಕೆ ಐದರಿಂದ ಹತ್ತು ನಿಮಿಷ ಸಾಕು. ಸತತ ಮೂರು ದಿನ ಹಗ್ಗ ಸಡಿಲವಾಗಿಯೇ ಉಳಿದರೆ ಒಂದು ಮೀಟರ್ ಹತ್ತಿರ ಬರಬೇಕು, ಬಿಗಿಯಾದರೆ ಎರಡು ಮೀಟರ್ ಹಿಂದೆ ಹೋಗಬೇಕು. ‘ಬಿಡು’ ಎಂಬ ಆಜ್ಞೆಯನ್ನು ಮೊದಲು ಚೆಂಡಿನ ಮೇಲೆ, ಆಮೇಲೆ ನೆಲಕ್ಕೆ ಬಿದ್ದ ತಿನಿಸಿನ ಮೇಲೆ ಗಟ್ಟಿಮಾಡಿಕೊಂಡು, ಕೊನೆಗೆ ಕೋಳಿಯ ಮುಂದೆ ಬಳಸಬೇಕು. ಕೋಳಿಯ ಮುಂದೆಯೇ ಮೊದಲ ಪಾಠ ಪ್ರಾರಂಭಿಸುವುದು ಈಜು ಬಾರದವನನ್ನು ಮಡುವಿಗೆ ತಳ್ಳಿದಂತೆ. ಬೇಲಿ ಇಲ್ಲದೆ ಮೊದಲ ಭೇಟಿ ಮಾಡಿಸುವಾಗ ಹಗ್ಗದ ಜೊತೆ ಬಾಯಿಗೆ ಬುಟ್ಟಿಯಂಥ ಕುಕ್ಕೆಯೂ ಇರಲಿ, ಆದರೆ ನಾಯಿ ತೇಕಲು, ನೀರು ಕುಡಿಯಲು ಬರುವಷ್ಟು ಅದು ಸಡಿಲವಾಗಿರಬೇಕು. ಈ ಇಡೀ ಕ್ರಮಕ್ಕೆ ಕೆಲವು ನಾಯಿಗಳಿಗೆ ಒಂದು ತಿಂಗಳು, ಕೆಲವಕ್ಕೆ ಆರು ತಿಂಗಳು ಹಿಡಿಯುತ್ತದೆ. ಇಷ್ಟೆಲ್ಲ ಆದ ಮೇಲೂ ಯಾರೂ ಇಲ್ಲದ ಹಿತ್ತಿಲಿನಲ್ಲಿ ನಾಯಿಯನ್ನೂ ಕೋಳಿಯನ್ನೂ ಒಟ್ಟಿಗೆ ಬಿಡುವುದನ್ನು ನಾನಂತೂ ಒಪ್ಪುವುದಿಲ್ಲ.

ನಿರ್ದಿಷ್ಟ ಹೊತ್ತಿನಲ್ಲಿ ಮರುಕಳಿಸುವ ತೊಂದರೆ

ಒಂದು ವಾರ ಗೋಡೆಗೆ ಒಂದು ಹಾಳೆ ಅಂಟಿಸಿ, ನಾಯಿ ಕೋಳಿಯತ್ತ ಓಡಿದ, ದಿಟ್ಟಿಸಿದ ಅಥವಾ ಬೊಗಳಿದ ಪ್ರತಿ ಸಲ ಗಂಟೆ ಮತ್ತು ಜಾಗವನ್ನು ಬರೆದರೆ ಸಾಮಾನ್ಯವಾಗಿ ಗುರುತುಗಳು ಎರಡು ಮೂರು ಕಡೆ ಗುಂಪಾಗಿ ಬೀಳುತ್ತವೆ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದಾಗ ಬಿದ್ದರೆ, ಇಡೀ ಹಿಂಡು ರೆಕ್ಕೆ ಬಡಿಯುತ್ತ ಒಮ್ಮೆಲೇ ಹೊರಗೆ ನುಗ್ಗುವುದೇ ಕಾರಣ. ನಾಯಿಯನ್ನು ಹೊರಗೆ ಬಿಡುವ ಹೊತ್ತನ್ನು ಅರ್ಧ ಗಂಟೆ ಮುಂದೂಡಿದರೆ ಸಾಕು. ಮುಸ್ಸಂಜೆಯಲ್ಲಿ ಬಿದ್ದರೆ ಕಾರಣ ಕೋಳಿಯ ಕಣ್ಣು. ಕತ್ತಲಲ್ಲಿ ಅವಕ್ಕೆ ಬಹಳ ಕಡಿಮೆ ಕಾಣುವುದರಿಂದ, ಗೂಡಿನ ಅಡ್ಡಕೋಲಿಗೆ ಹಾರುವಾಗ ತಪ್ಪಿ ಕೆಳಗೆ ಬೀಳುತ್ತವೆ, ಹೊರಗುಳಿದದ್ದು ಪೇಚಾಡುತ್ತ ಓಡಾಡುತ್ತದೆ. ನಾಯಿಗೆ ಆ ಮಂದ ಬೆಳಕಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಊಟದ ಹೊತ್ತಿನಲ್ಲಿ ಬಿದ್ದರೆ ನಾಯಿಯ ತಟ್ಟೆಗೆ ಕೋಳಿ ಬಾಯಿ ಹಾಕುತ್ತಿದೆಯೇ ಎಂದು ನೋಡಬೇಕು, ಏಕೆಂದರೆ ತಟ್ಟೆ ಕಾಯುವ ಸಿಟ್ಟು ಬೇಟೆಯ ಸರಪಳಿಗೆ ಸೇರಿದ್ದಲ್ಲ, ಅದಕ್ಕೆ ತಟ್ಟೆಯನ್ನು ಒಳಗೆ ಇಡುವುದೊಂದೇ ಮದ್ದು. ಎರಡು ನಾಯಿಗಳಿರುವ ಮನೆಯಲ್ಲಿ ಒಂದೊಂದೇ ಇದ್ದಾಗ ತೊಂದರೆಯಿಲ್ಲದೆ, ಜೋಡಿಯಾದಾಗ ಮಾತ್ರ ಓಟ ಶುರುವಾಗುವುದು ಬಹಳ ಸಾಮಾನ್ಯ. ಪರೀಕ್ಷೆಯನ್ನು ಪ್ರತ್ಯೇಕವಾಗಿ ಮಾಡಿ ಇಬ್ಬರಿಗೂ ಪಾಸು ಕೊಟ್ಟವರು ಇಲ್ಲಿ ಮೋಸಹೋಗುತ್ತಾರೆ. ಅತಿಥಿಗಳ ನಾಯಿಗೆ ಪರೀಕ್ಷೆಯೇ ಬೇಡ, ಅದು ಬಂದ ದಿನ ಕೋಳಿ ಗೂಡಿನಲ್ಲಿರಬೇಕು.

ಬೆಕ್ಕು

ಬೆಕ್ಕಿನ ವಿಷಯ ನಾಯಿಯಷ್ಟು ಉದ್ದವಿಲ್ಲ. ಬೆಕ್ಕು ತನಗಿಂತ ಬಹಳ ಚಿಕ್ಕದಾದ ಪ್ರಾಣಿಯನ್ನು ಬೇಟೆಯಾಡುತ್ತದೆ. ಪೂರ್ತಿ ಬೆಳೆದ ಹೇಂಟೆಯ ತೂಕ, ಕೊಕ್ಕು ಮತ್ತು ಧೈರ್ಯವನ್ನು ಕಂಡ ಬೆಕ್ಕು ಬಹುಮಟ್ಟಿಗೆ ಒಮ್ಮೆ ಕುಕ್ಕಿಸಿಕೊಂಡು ದೂರ ಸರಿಯುತ್ತದೆ. ಆದ್ದರಿಂದ ಬೆಕ್ಕಿನ ತೊಂದರೆ ಕಾಣಿಸಿದರೆ ಮೊದಲು ಕೇಳಬೇಕಾದದ್ದು ಕೋಳಿಯ ವಯಸ್ಸನ್ನು. ಸುಮಾರು ಎಂಟು ವಾರದೊಳಗಿನ ಮರಿಗಳು ಮತ್ತು ಬ್ಯಾಂಟಮ್‌ನಂಥ ಗಿಡ್ಡ ತಳಿಗಳು ಅಪಾಯದಲ್ಲಿರುತ್ತವೆ, ಉಳಿದವು ಅಷ್ಟಾಗಿ ಇಲ್ಲ. ಮರಿಗಳನ್ನು ಪೆಟ್ಟಿಗೆಯಲ್ಲಿ ದೀಪದ ಕಾವು ಕೊಟ್ಟು ಬೆಳೆಸುವವರು ಮೇಲೆ ಬಟ್ಟೆಯನ್ನೋ ರಟ್ಟನ್ನೋ ಮುಚ್ಚುವುದು ಇಲ್ಲಿ ಕಂಡುಬರುವ ಮುಖ್ಯ ದೋಷ. ಮೊದಲ ವಾರ 32ರಿಂದ 35 ಡಿಗ್ರಿ ಬಿಸಿ ಇರುವ ಆ ಪೆಟ್ಟಿಗೆ ಬೆಕ್ಕಿಗೆ ಬೇಟೆಯ ಜಾಗವಷ್ಟೇ ಅಲ್ಲ, ಮಲಗುವುದಕ್ಕೂ ಹಿತವಾದ ಜಾಗ. ಅದು ಮೇಲೆ ಹಾರಿದರೆ ರಟ್ಟು ಕುಸಿಯುತ್ತದೆ, ದೀಪ ಹುಲ್ಲಿನ ಮೇಲೆ ಬಿದ್ದರೆ ಬೆಂಕಿ ಹತ್ತುತ್ತದೆ. ಜಾಲರಿಯ ಮುಚ್ಚಳವನ್ನು ಕೊಕ್ಕೆ ಹಾಕಿ ಬಿಗಿದು, ದೀಪವನ್ನು ಪೆಟ್ಟಿಗೆಗೆ ಆನಿಸದೆ ಮೇಲಿನಿಂದ ಸರಪಳಿಯಲ್ಲಿ ತೂಗುಹಾಕಿ, ಆ ಕೋಣೆಯ ಬಾಗಿಲನ್ನೂ ಮುಚ್ಚಬೇಕು.

ಕೋಳಿಗಳು ಹೊರಳಾಡುವ ಮಣ್ಣುಗುಂಡಿಯನ್ನು ಬೆಕ್ಕು ಮಲವಿಸರ್ಜನೆಗೆ ಬಳಸುವುದು ಇನ್ನೊಂದು ದೋಷ. ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಯ ಜೀವನಚಕ್ರ ಪೂರ್ಣಗೊಳ್ಳುವುದು ಬೆಕ್ಕಿನ ಕರುಳಿನಲ್ಲಿ. ಆ ಮಣ್ಣನ್ನು ಕೆದಕಿ ತಿನ್ನುವ ಕೋಳಿಯ ಮಾಂಸದಲ್ಲಿ ಅದು ಯಾವ ರೋಗಲಕ್ಷಣವನ್ನೂ ತೋರಿಸದೆ ಉಳಿಯಬಲ್ಲದು. ಸಂಜೆ ಗುಂಡಿಗೆ ಹಲಗೆ ಮುಚ್ಚುವ ಅಭ್ಯಾಸ ಮಾಡಿಕೊಂಡರೆ ಸಮಸ್ಯೆ ತೀರುತ್ತದೆ.

ಕೋಳಿಯೇ ಅಪರಾಧಿಯಾದಾಗ

ನಾಯಿಮರಿಯ ಒಂದು ಕಣ್ಣು ನೀರು ಸುರಿಸುತ್ತಿದ್ದು ಅರ್ಧ ಮುಚ್ಚಿಕೊಂಡಿದ್ದರೆ, ಅಥವಾ ಬೆಕ್ಕು ಹಿತ್ತಿಲಿಗೆ ಇಳಿಯುವುದನ್ನೇ ನಿಲ್ಲಿಸಿದ್ದರೆ, ದೋಷವನ್ನು ಎದುರು ಕಡೆಯಿಂದಲೂ ಹುಡುಕಬೇಕು. ಕಾವು ಕೂತ ಕೋಳಿ, ಮರಿಗಳನ್ನು ಕರೆದುಕೊಂಡು ಅಡ್ಡಾಡುವ ತಾಯಿಕೋಳಿ ಮತ್ತು ಪ್ರಾಯಕ್ಕೆ ಬಂದ ಹುಂಜ ಈ ಮೂರೂ ತಾವಾಗಿ ಮೇಲೆ ಬೀಳುತ್ತವೆ. ಕೊಕ್ಕಿನ ಗುರಿ ಹೊಳೆಯುವ ಕಣ್ಣು. ಹುಂಜದ ಕಾಲುಮುಳ್ಳು ನಾಯಿಯ ಮುಖವನ್ನು ಸೀಳಬಲ್ಲದು. ಕಣ್ಣಿನ ಗಾಯವನ್ನು ಒಂದು ದಿನವೂ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಕುಕ್ಕಿಸಿಕೊಂಡ ನಾಯಿಮರಿ ಬುದ್ಧಿ ಕಲಿಯುತ್ತದೆ ಎಂದು ಕೆಲವರು ಇದನ್ನು ಪಾಠವೆಂದೇ ಬಳಸುತ್ತಾರೆ. ಕೆಲವು ಮರಿಗಳು ಹಿಂಜರಿಯುವುದು ನಿಜ, ಆದರೆ ನೋವಿಗೆ ತಿರುಗಿ ಕಚ್ಚುವ ಮರಿಯೂ ಉಂಟು, ಮತ್ತು ಯಾವುದು ಹೇಗೆ ಎಂದು ಮೊದಲೇ ತಿಳಿಯುವ ಉಪಾಯವಿಲ್ಲ.

ಕಚ್ಚಾಟವಿಲ್ಲ, ಆದರೆ ಮೊಟ್ಟೆ ಕಡಿಮೆಯಾಗಿದೆ

ಇದು ಸೂಕ್ಷ್ಮವಾದ ದೋಷ, ಏಕೆಂದರೆ ಮೊಟ್ಟೆ ಕಡಿಮೆಯಾಗುವುದಕ್ಕೆ ಸಾಕುಪ್ರಾಣಿಯ ಭಯವಲ್ಲದೆ ಬೇರೆ ಕಾರಣಗಳೇ ಹೆಚ್ಚು. ಪುಕ್ಕ ಉದುರಿಸುವ ಕಾಲವೇ, ಹಗಲು ಚಿಕ್ಕದಾಗಿ ದಿನಕ್ಕೆ 14 ಗಂಟೆಗಿಂತ ಕಡಿಮೆ ಬೆಳಕು ಸಿಗುತ್ತಿದೆಯೇ, ಬಿಸಿಲು ಅತಿಯಾಗಿದೆಯೇ, ಯಾವುದಾದರೂ ಕೋಳಿ ಕಾವು ಕೂತಿದೆಯೇ ಎಂಬುದನ್ನು ಮೊದಲು ನೋಡಬೇಕು. ಇವು ಯಾವುವೂ ಅಲ್ಲದಿದ್ದರೆ ಮೊಟ್ಟೆ ಇಡುವುದೇ ನಿಂತಿದೆಯೋ, ಇಟ್ಟ ಮೊಟ್ಟೆ ಕಾಣೆಯಾಗುತ್ತಿದೆಯೋ ಎಂಬುದನ್ನು ಬೇರ್ಪಡಿಸಬೇಕು. ಕೋಳಿಗಳನ್ನು ಮೂರು ದಿನ ಹೊರಗೆ ಬಿಡದೆ ಆವರಣದಲ್ಲೇ ಇಟ್ಟಾಗ ಮೊಟ್ಟೆಯ ಲೆಕ್ಕ ಕೂಡಲೇ ಸರಿಯಾದರೆ, ಒಂದೋ ಅವು ಪೊದೆಯ ಬುಡದಲ್ಲಿ ಬೇರೆ ಗೂಡು ಮಾಡಿಕೊಂಡಿವೆ, ಇಲ್ಲವೇ ನಾಯಿ ಮೊಟ್ಟೆ ತಿನ್ನುತ್ತಿದೆ. ಮೊಟ್ಟೆ ತಿನ್ನುವ ನಾಯಿ ಹೇಂಟೆ ಕೂಗಿದ ಕೂಡಲೇ ಎದ್ದು ಹೋಗುತ್ತದೆ. ಆ ಕೂಗಿನ ಅರ್ಥ ನಮಗಿಂತ ಮೊದಲು ಅದಕ್ಕೆ ಗೊತ್ತಾಗಿರುತ್ತದೆ. ಮೊಟ್ಟೆಯ ಪೆಟ್ಟಿಗೆಯ ಬಾಯಿಯನ್ನು ನಾಯಿಯ ತಲೆ ತೂರದಷ್ಟು ಚಿಕ್ಕದು ಮಾಡುವುದೇ ಇದಕ್ಕೆ ಮದ್ದು.

ಭಯವೇ ಕಾರಣವಾದರೆ ಚಿಪ್ಪು ಸುಳಿವು ಕೊಡುತ್ತದೆ. ಒಂದು ಮೊಟ್ಟೆ ಸಿದ್ಧವಾಗಲು 24ರಿಂದ 26 ಗಂಟೆ ಹಿಡಿಯುತ್ತದೆ, ಅದರಲ್ಲಿ ಸುಮಾರು 20 ಗಂಟೆ ಚಿಪ್ಪಿಗೇ ಹೋಗುತ್ತದೆ. ಬೆದರಿದ ಕೋಳಿ ಮೊಟ್ಟೆಯನ್ನು ಒಳಗೇ ತಡೆಹಿಡಿದಾಗ ಅದರ ಮೇಲೆ ಸುಣ್ಣದ ಹೆಚ್ಚುವರಿ ಪದರ ಕೂತು ಬಿಳಿ ಪುಡಿ ಬಳಿದಂತೆ ಅಥವಾ ನಡುವೆ ಬಿಳಿ ಪಟ್ಟಿ ಕಟ್ಟಿದಂತೆ ಕಾಣಬಹುದು. ಹಿಂದೆಯೇ ಬಂದ ಮೊಟ್ಟೆ ಅದಕ್ಕೆ ಒತ್ತಿಕೊಂಡು ಒಂದು ಬದಿ ಚಪ್ಪಟೆಯಾಗಬಹುದು. ಇಂಥವು ಒಂದೇ ವಾರದಲ್ಲಿ ಎರಡು ಮೂರು ಸಿಕ್ಕರೆ, ಗಾಯವಿಲ್ಲದಿದ್ದರೂ ಹಿತ್ತಿಲಿನಲ್ಲಿ ಅಟ್ಟಾಟ ನಡೆಯುತ್ತಿದೆಯೇ ಎಂದು ಅಡಗಿ ನೋಡುವುದು ಒಳ್ಳೆಯದು. ಕಿವಿಯನ್ನೂ ಬಳಸಬಹುದು: ಆಕಾಶದಲ್ಲಿ ಬೇಟೆಹಕ್ಕಿ ಕಂಡಾಗ ಕೋಳಿ ಎಳೆದ ಸಣ್ಣ ದನಿಯಲ್ಲಿ ಒಮ್ಮೆ ಚೀರಿ ಮೈ ತಗ್ಗಿಸುತ್ತದೆ, ನೆಲದ ಮೇಲೆ ಶತ್ರು ಕಂಡಾಗ ತಲೆಯೆತ್ತಿ ನಿಂತು ಬಿಡಿಬಿಡಿಯಾಗಿ ಬಹಳ ಹೊತ್ತು ಕೊಕ್ಕರಿಸುತ್ತದೆ. ಎರಡನೆಯ ಬಗೆಯ ಕೂಗು ದಿನವೂ ಒಂದೇ ಮೂಲೆಯಿಂದ ಕೇಳಿಬಂದರೆ, ಮತ್ತು ಅಲ್ಲಿ ಮೊಟ್ಟೆಯಿಟ್ಟ ಗೂಡು ಇಲ್ಲದಿದ್ದರೆ, ಆ ಮೂಲೆಯಲ್ಲಿ ಯಾರು ಕೂತಿರುತ್ತಾರೆ ಎಂಬುದನ್ನು ನೋಡಬೇಕು.

ಬಾಯಿ ಮತ್ತು ಚರ್ಮದ ಮೂಲಕ ಬರುವ ದೋಷಗಳು

ಕಚ್ಚಾಟವನ್ನು ತಡೆದವರು ಈ ಭಾಗವನ್ನು ಮರೆಯುತ್ತಾರೆ, ಮನೆಯ ಪ್ರಾಣಿಗೆ ಪ್ರಾಣಾಪಾಯ ಬರುವುದು ಮಾತ್ರ ಹಲವು ಸಲ ಇಲ್ಲಿಂದಲೇ. ಕೋಳಿಯ ಹೇನು ನುಸಿಗೆಂದು ಬಳಸುವ ಪುಡಿಗಳಲ್ಲಿ ಪರ್ಮೆಥ್ರಿನ್ ಇರುವುದುಂಟು. ಕೋಳಿಗೂ ನಾಯಿಗೂ ಸೂಚಿಸಿದ ಪ್ರಮಾಣದಲ್ಲಿ ಅಪಾಯವಿಲ್ಲದ ಈ ವಸ್ತುವನ್ನು ಬೆಕ್ಕಿನ ಯಕೃತ್ತು ಕರಗಿಸಲಾರದು. ಪುಡಿ ಹಚ್ಚಿದ ದಿನ ಗೂಡಿನಲ್ಲಿ ಮಲಗಿ ಬಂದ ಬೆಕ್ಕು ಮೈ ನೆಕ್ಕಿಕೊಂಡು ನಡುಗಲು ಪ್ರಾರಂಭಿಸಿದರೆ ಅದನ್ನು ತುರ್ತುಸ್ಥಿತಿಯೆಂದು ಭಾವಿಸಿ ವೈದ್ಯರ ಬಳಿ ಓಡಬೇಕು. ರಕ್ತಭೇದಿ ತಡೆಯಲು ಕೋಳಿ ಆಹಾರಕ್ಕೆ ಬೆರೆಸುವ ಮೊನೆನ್ಸಿನ್, ಸಲಿನೊಮೈಸಿನ್ ಮುಂತಾದವು ನಾಯಿ ಬೆಕ್ಕುಗಳ ನರ ಮತ್ತು ಸ್ನಾಯುಗಳಿಗೆ ವಿಷ. 1996ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಸಲಿನೊಮೈಸಿನ್ ಬೆರೆತುಹೋದ ಬೆಕ್ಕಿನ ಆಹಾರವನ್ನು ತಿಂದ ಬಹಳಷ್ಟು ಬೆಕ್ಕುಗಳ ಕಾಲುಗಳು ಸ್ವಾಧೀನ ತಪ್ಪಿದ್ದವು. ಹಿಂಗಾಲು ಎಳೆಯುತ್ತಿರುವ ನಾಯಿಯನ್ನು ವೈದ್ಯರಿಗೆ ತೋರಿಸುವಾಗ ಕೋಳಿ ಆಹಾರದ ಚೀಲದ ಚೀಟಿಯನ್ನೂ ಕೊಂಡೊಯ್ಯುವುದು ಈ ಕಾರಣಕ್ಕಾಗಿ.

ಗೂಡಿನ ಸುತ್ತ ಇಟ್ಟ ಇಲಿಪಾಷಾಣವೂ ಹೀಗೆಯೇ ಸುತ್ತಿ ಬರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬಗೆಯ ಪಾಷಾಣವನ್ನು ತಿಂದ ಇಲಿಯನ್ನು ಬೆಕ್ಕು ತಿಂದರೂ, ಕೋಳಿ ಕುಕ್ಕಿದರೂ ವಿಷ ದಾಟುತ್ತದೆ, ಲಕ್ಷಣಗಳು ಮೂರರಿಂದ ಐದು ದಿನ ಕಳೆದ ಮೇಲೆ ತೋರುವುದರಿಂದ ಕಾರಣ ಹೊಳೆಯುವುದೇ ಇಲ್ಲ. ನಾಯಿ ಕೋಳಿಹಿಕ್ಕೆ ತಿಂದು ಭೇದಿ ಮಾಡಿಕೊಂಡರೆ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್ ಇವೆರಡನ್ನು ನೆನಪಿಡಬೇಕು. ಆರೋಗ್ಯವಾಗಿ ಕಾಣುವ ಕೋಳಿಯೂ ಅವನ್ನು ಹೊತ್ತಿರುತ್ತದೆ, ಮತ್ತು ಆ ನಾಯಿ ನೆಕ್ಕಿದ ಮಗುವಿಗೂ ಅದು ತಗಲಬಹುದು. ಕೋಳಿಯ ಹೇನು ನಾಯಿಯ ಮೇಲೆ ಬದುಕುವುದಿಲ್ಲ, ಆ ಭಯ ಬೇಡ. ಆದರೆ ಕೋಳಿಯ ಜುಟ್ಟಿನ ಸುತ್ತ, ಕಣ್ಣಿನ ಅಂಚಿನಲ್ಲಿ ಕಪ್ಪು ಚುಕ್ಕಿಗಳಂತೆ ಕಚ್ಚಿಕೊಂಡೇ ಇರುವ ಅಂಟುಚಿಗಟ ನಾಯಿ ಬೆಕ್ಕುಗಳ ಕಿವಿಯಂಚಿಗೂ ಹತ್ತುತ್ತದೆ. ಹಾಗಾದಾಗ ಎಲ್ಲ ಪ್ರಾಣಿಗಳಿಗೂ ಒಂದೇ ದಿನ ಚಿಕಿತ್ಸೆ ಆಗಬೇಕು, ಪ್ರತಿಯೊಂದಕ್ಕೂ ಅದರದರ ಔಷಧಿಯಿಂದ.

ಸತ್ತ ಕೋಳಿಯನ್ನು ಬೆಕ್ಕಿಗೆ ಹಾಕುವ ಪದ್ಧತಿಯನ್ನು ಬಿಟ್ಟೇಬಿಡಬೇಕು. ಎಚ್5ಎನ್1 ಹಕ್ಕಿಜ್ವರ ಬೆಕ್ಕುಗಳನ್ನು ಕೊಲ್ಲುತ್ತದೆ. 2023ರಲ್ಲಿ ಪೋಲೆಂಡಿನಲ್ಲಿ ಹಲವು ಮನೆಬೆಕ್ಕುಗಳು ಅದರಿಂದಲೇ ಸತ್ತವು. ಒಂದೆರಡು ದಿನದಲ್ಲಿ ಹಲವು ಕೋಳಿಗಳು ಕಾರಣವಿಲ್ಲದೆ ಸತ್ತರೆ ನಾಯಿ ಬೆಕ್ಕನ್ನು ಒಳಗೆ ಕಟ್ಟಿಹಾಕಿ, ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟದೆ ಪಶುವೈದ್ಯ ಇಲಾಖೆಗೆ ತಿಳಿಸಬೇಕು.

ಬೇಲಿಯ ದೋಷ

ಕಲಿಸಿದ್ದೆಲ್ಲ ಕೈಕೊಟ್ಟಾಗ ಉಳಿಯುವುದು ಬೇಲಿ. ‘ಕೋಳಿ ಜಾಲರಿ’ ಎಂದು ಮಾರುವ ಆರು ಮೂಲೆಯ ತೆಳು ತಂತಿಯ ಬಲೆ ಕೋಳಿಯನ್ನು ಒಳಗೆ ಇಡುತ್ತದೆ, ನಾಯಿಯನ್ನು ಹೊರಗೆ ಇಡುವುದಿಲ್ಲ; ದೃಢನಿಶ್ಚಯದ ನಾಯಿ ಅದನ್ನು ಹಲ್ಲಿನಿಂದಲೇ ಹರಿಯುತ್ತದೆ. ರಾತ್ರಿ ಗೂಡಿಗೆ 12–13 ಮಿಲಿಮೀಟರ್ ಕಣ್ಣಿನ ಬೆಸುಗೆ ಜಾಲರಿಯೇ ಬೇಕು. ನೆಲದ ಬಳಿ ಮಣ್ಣು ಕೆದರಿದ ಗುರುತಿದ್ದರೆ, ಜಾಲರಿಯ ಇನ್ನೊಂದು ತುಂಡನ್ನು ಬೇಲಿಯ ಬುಡದಿಂದ ಹೊರಕ್ಕೆ 30ರಿಂದ 45 ಸೆಂಟಿಮೀಟರ್ ನೆಲದ ಮೇಲೆ ಮಲಗಿಸಿ ಕಲ್ಲು ಹೇರಬೇಕು. ನಾಯಿ ಬೇಲಿಯ ಬುಡದಲ್ಲೇ ಅಗೆಯುತ್ತದೆ, ಎರಡಡಿ ಹಿಂದೆ ನಿಂತು ಅಗೆಯಬೇಕೆಂಬುದು ಅದಕ್ಕೆ ಹೊಳೆಯುವುದು ಕಡಿಮೆ. ಎತ್ತರದ ಬಗ್ಗೆ ಹೇಳುವುದಾದರೆ ಭಾರದ ತಳಿಗಳಿಗೆ 1.2 ಮೀಟರ್ ಸಾಕಾಗಬಹುದು, ಹಗುರವಾದವು 1.8 ಮೀಟರನ್ನೂ ದಾಟುತ್ತವೆ. ಒಂದು ರೆಕ್ಕೆಯ ಗರಿ ಕತ್ತರಿಸಿದರೆ ದಾಟುವುದು ನಿಲ್ಲುತ್ತದೆ, ಆದರೆ ನಾಯಿ ಬಂದಾಗ ಮರಕ್ಕೆ ಹಾರಿ ಉಳಿಯುವ ದಾರಿಯೂ ಮುಚ್ಚುತ್ತದೆ. ನಾಯಿಯಿರುವ ಮನೆಯಲ್ಲಿ ಗರಿ ಕತ್ತರಿಸುವುದಕ್ಕಿಂತ ಬೇಲಿಯ ಮೇಲೆ ಬಲೆ ಹೊದಿಸುವುದು ಮೇಲು.

ಮೊಲ, ಗಿನಿಯಿಲಿಗಳನ್ನು ಕೋಳಿಯ ಜೊತೆ ಒಂದೇ ಆವರಣದಲ್ಲಿ ಇಡುವವರಿಗೆ ಹೇಳುವುದು ಇಷ್ಟೇ: ಆಹಾರ ಬೇರೆ, ರೋಗಗಳು ದಾಟುತ್ತವೆ, ಕೊಕ್ಕಿನ ಪೆಟ್ಟಿಗೆ ಗಿನಿಯಿಲಿ ತಡೆಯುವುದಿಲ್ಲ, ನಡುವೆ ಜಾಲರಿ ಇರಲಿ.

ಎಲ್ಲ ಮಾಡಿದ ಮೇಲೂ ಉಳಿಯುವ ತೊಂದರೆ

ಇಪ್ಪತ್ತು ಮೀಟರ್ ದೂರದಲ್ಲೂ ತಿನಿಸನ್ನು ಮುಟ್ಟದ ನಾಯಿ ಎರಡು ತಿಂಗಳ ನಂತರವೂ ಹಾಗೆಯೇ ಇದ್ದರೆ, ಅಥವಾ ಒಮ್ಮೆ ಕೊಂದು ತಿಂದಿದ್ದರೆ, ಜೊತೆಯಲ್ಲಿ ಬಿಡುವ ಪ್ರಯತ್ನವನ್ನು ನಿಲ್ಲಿಸಿ ಹಿತ್ತಿಲನ್ನು ಗಡಿಯಾರದ ಪ್ರಕಾರ ಹಂಚಬೇಕು. ಸೂರ್ಯ ಮುಳುಗುವುದಕ್ಕೆ ಎರಡು ಗಂಟೆ ಮೊದಲು ಕೋಳಿಯನ್ನು ಬಿಟ್ಟರೆ ಅವು ಮೇದು, ಕತ್ತಲಾಗುತ್ತಿದ್ದಂತೆ ಯಾರೂ ಅಟ್ಟದೆ ತಾವಾಗಿ ಗೂಡು ಸೇರುತ್ತವೆ. ಹಾಗಾಗಿ ಹಿಡಿಯುವ ಓಡಾಟವೂ ಇಲ್ಲ, ಆ ಓಡಾಟವನ್ನು ಕಿಟಕಿಯಿಂದ ನೋಡಿ ನಾಯಿ ಕೆರಳುವುದೂ ಇಲ್ಲ. ನನ್ನ ಮನೆಯಲ್ಲಿ ಈಗ ನಡೆಯುತ್ತಿರುವುದು ಇದೇ ಕ್ರಮ. ನಾಯಿಯ ಬಾಗಿಲಿನ ಕೀಲಿ ಗೂಡಿನ ಚಿಲಕದ ಪಕ್ಕದ ಮೊಳೆಯಲ್ಲೇ ತೂಗುತ್ತದೆ. ಅಡ್ಡಕೋಲಿನ ಮೇಲೆ ಏಳು ತಲೆ ಎಣಿಸಿ, ಚಿಲಕ ಹಾಕಿದ ಮೇಲಷ್ಟೇ ಅದನ್ನು ತೆಗೆದುಕೊಳ್ಳುತ್ತೇನೆ. ಆರೇ ಸಿಕ್ಕ ದಿನ ಟಾರ್ಚ್ ಹಿಡಿದು ಏಳನೆಯದನ್ನು ಹುಡುಕುವವರೆಗೆ ನಾಯಿ ಒಳಗೇ ಇರುತ್ತದೆ.